ಬಂದರನ್ನು ಫೋರ್ಟ್ ಕೊಚ್ಚಿ ಮಾಡುವುದು ಬೇಡ

ಮಂಗಳೂರಿನಿಂದ ಕೊಚ್ಚಿಗೆ ಬರುವ ನೆಂಟರಿಷ್ಟರು ಫೋರ್ಟ್ ಕೊಚ್ಚಿಯಲ್ಲಿ ಒಂದು ಸುತ್ತು ಹಾಕಿದ ಮೇಲೆ ಹೇಳುವ ಮಾತು ಒಂದೇ: "ನಮ್ಮ ಬಂದರಿನಲ್ಲೂ ಹೀಗೇ ಮಾಡಬಹುದಿತ್ತಲ್ಲ ಮಾರಾಯ್ರೆ!" ಹಳೆ ಗೋದಾಮಿಗೆ ಬಿಳಿ ಬಣ್ಣ, ಒಳಗೆ ಕೆಫೆ, ಮಹಡಿಯಲ್ಲಿ ಹೋಂಸ್ಟೇ, ಎದುರಿಗೆ ಬಾಡಿಗೆ ಸೈಕಲ್. ಮಾಡಬಹುದು, ಕಷ್ಟವೇನಲ್ಲ. ಆದರೆ ಕೊಚ್ಚಿಯಲ್ಲಿ ನೆಲೆಸಿ ಎರಡೂ ಕಡೆಯ ದಂಡೆಗಳನ್ನು ನೋಡುತ್ತಿರುವ ಈ ಹೊರನಾಡ ಕನ್ನಡಿಗನಿಗೆ ಅದು ಬೇಡ ಅನಿಸುತ್ತದೆ. ಕೊಚ್ಚಿಯ ಹಳೆ ಬಂದರು ಕೇರಿಗಳಾದ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗಳು ಕಟ್ಟಡ ಉಳಿಸಿಕೊಂಡು ಕಸುಬು ಕಳಕೊಂಡವು. ಮಂಗಳೂರಿನ ಬಂದರು, ಅಂದರೆ ಹಳೆ ಬಂದರಿನ ಸುತ್ತಲಿನ ಗೋದಾಮು, ಮಂಡಿಗಳ ಪೇಟೆ, ಕಸುಬು ಉಳಿಸಿಕೊಂಡು ಕಟ್ಟಡ ಕಳಕೊಳ್ಳುತ್ತಿದೆ. ಕಟ್ಟಡವನ್ನು ಸರಿಪಡಿಸುವುದಕ್ಕೆ ಕ್ರಮ ಇದೆ, ಲೆಕ್ಕ ಇದೆ, ಇಷ್ಟು ಹಂಚು, ಇಷ್ಟು ಸುಣ್ಣ ಅಂತ ಹೇಳಬಹುದು. ಒಮ್ಮೆ ಎದ್ದುಹೋದ ಮಂಡಿ ವ್ಯಾಪಾರವನ್ನು ವಾಪಸು ತರುವ ಲೆಕ್ಕ ಯಾರ ಕೈಯಲ್ಲೂ ಇಲ್ಲ.

ಹೋಲಿಸುವುದಕ್ಕೆ ಕಾರಣವೂ ಇದೆ, ಇವೆರಡು ದೂರದ ಊರುಗಳೇ ಅಲ್ಲ. 1341ರ ಪೆರಿಯಾರ್ ನೆರೆಯಲ್ಲಿ ಕೊಚ್ಚಿಯ ಅಳಿವೆ ಅಗಲವಾಗಿ ಬಂದರಾಯಿತು ಎನ್ನುತ್ತಾರೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಂಗಳೂರಿಗೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಫಾರ್ಸ್ ಮತ್ತು ಯೆಮನ್ ದೇಶಗಳ ವರ್ತಕರು ಇಳಿಯುತ್ತಾರೆ, ಕಾಳುಮೆಣಸು, ಶುಂಠಿ ಧಾರಾಳ ಎಂದು ಬರೆದಿಟ್ಟ. ಅವನಿಗಿಂತ ಇನ್ನೂರು ವರ್ಷ ಹಿಂದೆಯೇ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ಬಿಡಾರ ಹೂಡಿ ಏಡನ್ನಿಗೆ ಸರಕು ಕಳಿಸುತ್ತಿದ್ದ. ಅವನ ಪತ್ರಗಳು ಕೈರೋದ ಸಿನಗಾಗ್ ಒಂದರ ಕಾಗದಗಳ ರಾಶಿಯಲ್ಲಿ ಸಿಕ್ಕಿವೆ. ಕೊಚ್ಚಿಯ ಯಹೂದಿ ಬೀದಿಯನ್ನು ಜಗತ್ತೆಲ್ಲ ನೋಡುತ್ತದೆ, ಅಲ್ಲಿನ ಪರದೇಶಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. ಮಂಗಳೂರಿನ ಯಹೂದಿ ವ್ಯಾಪಾರಿ ಅದಕ್ಕಿಂತ ನಾನೂರು ವರ್ಷ ಹಳಬ ಎಂಬುದನ್ನು ಬಂದರಿನಲ್ಲಿ ಒಂದು ಫಲಕ ಹಾಕಿ ಹೇಳಿದರೂ ತಪ್ಪಿಲ್ಲ.

ಆಮೇಲಿನ ಕಾಲಕ್ಕೆ ಬಂದರೂ ಅಷ್ಟೆ. ಗೋವೆಯಿಂದ ಕೆಳಗಿಳಿದ ಕೊಂಕಣಿಗರು ಮಂಗಳೂರಿನ ರಥಬೀದಿಯಲ್ಲಿ ವೆಂಕಟರಮಣನನ್ನು, ಕೊಚ್ಚಿಯ ಚೆರ್ಲಾಯಿಯಲ್ಲಿ ತಿರುಮಲ ದೇವರನ್ನು ನೆಲೆಗೊಳಿಸಿದರು. ಕಚ್ಚಿ ಮೇಮನ್ನರು ಎರಡು ದಂಡೆಗಳಲ್ಲೂ ಅಂಗಡಿ ಇಟ್ಟರು. ಆಸ್ಪಿನ್‌ವಾಲ್ ಕಂಪನಿ 1867ರಲ್ಲಿ ಕೊಚ್ಚಿಯಲ್ಲಿ ಶುರುವಾಗಿ ಮಂಗಳೂರಿನಲ್ಲಿ ಕಾಫಿ ಸಂಸ್ಕರಣೆಗೆ ಹೆಸರಾಯಿತು. ಅದೇ ಹೆಸರಿನ ಫೋರ್ಟ್ ಕೊಚ್ಚಿಯ ಕಟ್ಟಡದಲ್ಲಿ 2012ರಿಂದ ಬಿನಾಲೆ ಕಲಾ ಪ್ರದರ್ಶನ ನಡೆಯುತ್ತ ಬಂದಿದೆ. ಇನ್ನೊಂದು ತಮಾಷೆ: ಮಂಗಳೂರಿಗರು ತಲೆಯೆತ್ತಿ ಮೆಚ್ಚುವ ಫೋರ್ಟ್ ಕೊಚ್ಚಿಯ ಕೆಂಪು ಮಾಡುಗಳ ಮೇಲಿರುವುದು ಮಂಗಳೂರು ಹಂಚು!

ಫೋರ್ಟ್ ಕೊಚ್ಚಿ ಈಗಿನ ರೂಪಕ್ಕೆ ಬಂದದ್ದು ಯಾರೋ ಚಂದಗಾಣಿಸಿದ್ದರಿಂದ ಅಲ್ಲ, ಕೆಲಸ ಜಾರಿಹೋದದ್ದರಿಂದ. ಬ್ರಿಟಿಷ್ ಬಂದರು ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಹೂಳೆತ್ತಿಸಿ, ಆ ಮಣ್ಣಿನಿಂದಲೇ ವಿಲ್ಲಿಂಗ್ಡನ್ ದ್ವೀಪವನ್ನು ಮೇಲೆತ್ತಿದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. 2011ರಲ್ಲಿ ವಲ್ಲಾರ್‌ಪಾಡಂ ಟರ್ಮಿನಲ್ ಬಂದು ಕಂಟೇನರುಗಳು ಅದಕ್ಕೂ ಆಚೆ ಸರಿದವು. ಮಟ್ಟಾಂಚೇರಿಯ ಬಜಾರ್ ರಸ್ತೆಯ ಪಾಂಡಿಕಶಾಲೆಗಳು, ಅಂದರೆ ಒಂದು ಬಾಗಿಲು ನೀರಿಗೆ, ಇನ್ನೊಂದು ಬಾಗಿಲು ಬೀದಿಗೆ ಇರುವ ಉದ್ದುದ್ದ ಗೋದಾಮುಗಳು, ಒಂದೊಂದಾಗಿ ಖಾಲಿಯಾದವು. ದೋಣಿಯಿಂದ ಇಳಿಸಿ ಬೀದಿಗೆ ದಾಟಿಸಲು ಕಟ್ಟಿದ ಜಾಗಕ್ಕೆ ಲಾರಿ ತಿರುಗುವಷ್ಟು ರಸ್ತೆ ಇಲ್ಲ. ಖಾಲಿಯಾದ ಜಾಗಕ್ಕೆ ಹಳೆ ಸಾಮಾನಿನ ಅಂಗಡಿ ಬಂತು, ಗ್ಯಾಲರಿ ಬಂತು, ಕಾಫಿ ಬಂತು. ಅಕ್ಕಿ, ಒಣಶುಂಠಿಯ ಸಗಟು ಅಂಗಡಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅವೇ ಆ ಬೀದಿಯಲ್ಲಿ ನಿಂತು ನೋಡಬೇಕಾದವು.

ಫೋರ್ಟ್ ಕೊಚ್ಚಿ ದಡದ ಚೀನಾ ಬಲೆಗಳನ್ನೇ ತೆಗೆದುಕೊಳ್ಳಿ. ಹತ್ತು ಮೀಟರಿಗೂ ಎತ್ತರದ ಮರದ ಚೌಕಟ್ಟು, ಒಂದು ತುದಿಗೆ ಬಲೆ, ಇನ್ನೊಂದು ತುದಿಗೆ ಹಗ್ಗದಲ್ಲಿ ಸಾಲಾಗಿ ಇಳಿಬಿಟ್ಟ ಕಲ್ಲುಗುಂಡುಗಳು. ಒಂದು ಬಲೆ ಎತ್ತಿಳಿಸಲು ಐದಾರು ಆಳು ಬೇಕು. ಬಲೆ ನೀರಲ್ಲಿರುವುದು ಕೆಲವೇ ನಿಮಿಷ, ಆಳವೂ ಹೆಚ್ಚಿಲ್ಲ, ಹಾಗಾಗಿ ಸಿಗುವ ಮೀನು ಆಳಿನ ಕೂಲಿಗೇ ಸಾಲದು. ಮರ ಉಪ್ಪುನೀರಿನಲ್ಲಿ ಕೊಳೆಯುತ್ತದೆ, ಮಳೆಗಾಲದಲ್ಲಿ ಹಿನ್ನೀರಿನ ಅಂತರಗಂಗೆ ತೇಲಿ ಬಂದು ಬಲೆಗೆ ಸಿಕ್ಕಿಕೊಳ್ಳುತ್ತದೆ. ಈಗ ಹಗ್ಗ ಎಳೆಯಲು ಕರೆದು ಪ್ರವಾಸಿಗಳಿಂದ ಸಿಗುವ ಭಕ್ಷೀಸೇ ಕೆಲವು ಬಲೆಗಳನ್ನು ನಿಲ್ಲಿಸಿದೆ. ದುಡಿಮೆ ನಿಂತ ಮೇಲೆ ಆಕಾರ ಮಾತ್ರ ಉಳಿಸುವ ಖರ್ಚು ಹೀಗಿರುತ್ತದೆ.

ಮಂಗಳೂರಿಗೂ ಹೀಗೇ ಆಗಬಹುದಿತ್ತು. ಪಣಂಬೂರಿನಲ್ಲಿ ಹೊಸ ಬಂದರು 1974ರಲ್ಲಿ ಪ್ರಮುಖ ಬಂದರಿನ ಪಟ್ಟ ಪಡೆದು ದೊಡ್ಡ ಹಡಗುಗಳನ್ನೆಲ್ಲ ಕೊಂಡೊಯ್ದಿತು. ಆದರೂ ಹಳೆ ಬಂದರು ಬರಿದಾಗಲಿಲ್ಲ. ಮೂರು ಕೆಲಸಗಳು ಅದನ್ನು ಹಿಡಿದಿಟ್ಟವು: ದಕ್ಕೆಯ (ಬೋಟು ನಿಲ್ಲುವ ಕಟ್ಟೆಯ) ಮೀನು, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಹಡಗುಗಳಾದ ಮಂಜಿಗಳು, ಅಡಿಕೆ ಮತ್ತು ದಿನಸಿಯ ಮಂಡಿಗಳು.

ದಕ್ಕೆಯಲ್ಲಿ ಬೆಳಕು ಹರಿಯುವ ಮೊದಲೇ ಏಲಂ ನಡೆಯುತ್ತದೆ. ಟ್ರಾಲ್ ಬೋಟು, ಪರ್ಸಿನ್ ಬೋಟುಗಳು ಒಂದರ ಪಕ್ಕ ಒಂದು ಅಂಟಿಕೊಂಡು ನಿಲ್ಲುವುದರಿಂದ ಹಿಂದಿನ ಸಾಲಿನ ಬೋಟಿನ ಮೀನು ಮುಂದಿನ ಬೋಟುಗಳ ಮೇಲಿಂದಲೇ ಬುಟ್ಟಿಯಲ್ಲಿ ಕೈದಾಟಬೇಕು. ಬಂಗುಡೆ, ಬೂತಾಯಿ ರಾಶಿ ಲೆಕ್ಕದಲ್ಲಿ, ಅಂಜಲ್‌ನಂಥ ದೊಡ್ಡ ಮೀನು ತೂಕದಲ್ಲಿ ಹೋಗುತ್ತದೆ. ತಲೆಹೊರೆಯಲ್ಲಿ ಮಾರುವ ಹೆಂಗಸರು ಒಂದು ರಾಶಿಯನ್ನು ನಾಲ್ಕೈದು ಜನ ಸೇರಿ ಕೂಗಿ, ಅಲ್ಲೇ ನೆಲದ ಮೇಲೆ ಪಾಲು ಮಾಡಿಕೊಳ್ಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಆಗ ದಕ್ಕೆಯಲ್ಲಿ ಮೀನಿನ ಸದ್ದಿಲ್ಲ; ಬಲೆ ಹೆಣೆಯುವುದು, ಇಂಜಿನ್ ಇಳಿಸುವುದು, ತಳಕ್ಕೆ ಬಣ್ಣ ಹೊಡೆಯುವುದು ನಡೆಯುತ್ತಿರುತ್ತದೆ. ನೋಡುವ ಕಣ್ಣಿದ್ದರೆ ಆ ಎರಡು ತಿಂಗಳೂ ಚೆನ್ನ.

ಮಂಜಿಗಳ ಕತೆ ಬೇರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಈಗಿನವರಿಗೆ ಮರೆತಿದೆ. ಉಳಿದ ಲಕ್ಷದ್ವೀಪ ಮಲಬಾರಿನ ಕೈಯಲ್ಲಿತ್ತು. ಆಡಳಿತ ಹೋದರೂ ಸಾಮಾನಿನ ದಾರಿ ಹೋಗಲಿಲ್ಲ. ಸಿಮೆಂಟು, ಜಲ್ಲಿ, ಕಬ್ಬಿಣದ ಸರಳು, ಅಕ್ಕಿ, ತರಕಾರಿ ಮರದ ಹಡಗಿನಲ್ಲಿ ಹೋಗುತ್ತದೆ, ಕೊಬ್ಬರಿ, ಒಣಮೀನು ಬರುತ್ತದೆ. ತುಂಬಿಸುವುದರಲ್ಲಿ ಒಂದು ಕ್ರಮ ಇದೆ. ಜಲ್ಲಿ, ಸರಳು ತಳಕ್ಕೆ, ಹಡಗಿನ ನಡುಗೆರೆಯ ಎರಡೂ ಬದಿಗೆ ಸಮವಾಗಿ. ಅದರ ಮೇಲೆ ಸಿಮೆಂಟು ಚೀಲ, ಮೇಲೆ ಟಾರ್ಪಾಲು. ದಿನಸಿ ಅದಕ್ಕೂ ಮೇಲೆ. ತರಕಾರಿ ಹೊರಡುವ ದಿನವೇ, ಗಾಳಿ ಆಡುವ ಕಡೆ. ಭಾರ ಒಂದು ಬದಿಗೆ ಹೆಚ್ಚಾದರೆ ಅಳಿವೆ ಬಾಗಿಲಿನಲ್ಲಿ, ಹೊಳೆಯ ನೀರೂ ಕಡಲಿನ ತೆರೆಯೂ ಎದುರುಬದುರಾಗುವ ಕಡೆ, ಹಡಗು ವಾಲುತ್ತದೆ. ಉಬ್ಬರ ಇಳಿತದ ನಡುವೆ ಇಲ್ಲಿ ನೀರಿನ ಮಟ್ಟ ಒಂದು, ಒಂದೂವರೆ ಮೀಟರ್ ಏರಿಳಿಯುತ್ತದೆ. ದಡಕ್ಕೂ ಹಡಗಿಗೂ ಇಟ್ಟ ಹಲಗೆ ಬೆಳಿಗ್ಗೆ ಮಟ್ಟಸವಾಗಿದ್ದರೆ ಮಧ್ಯಾಹ್ನ ಕಡಿದಾದ ಇಳಿಜಾರು. 50 ಕಿಲೋ ಚೀಲ ಹೊತ್ತ ಹಮಾಲಿಗಳು ಆ ಹೊತ್ತು ನೋಡಿಯೇ ಭಾರದ ಕೆಲಸ ಹಚ್ಚುತ್ತಾರೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲದ ಕಡಲಿಗೆ ಈ ಹಡಗುಗಳು ಇಳಿಯುವಂತಿಲ್ಲ.

ಇನ್ನು ಮಂಡಿ. ಬಂದರಿನ ಹಳೆ ಕಟ್ಟಡಗಳು ಯಾಕೆ ಉಳಿಯಬೇಕು ಎಂಬ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲೇ. ಚಾಲಿಯಲ್ಲಿ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆಯಲ್ಲಿ, ಹೊಸತಕ್ಕೆ ಒಂದು ಧಾರಣೆ, ಒಂದು ವರ್ಷ ದಾಸ್ತಾನಿಟ್ಟ ಹಳತಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಮೇಲಿನ ಧಾರಣೆ, ಅದಕ್ಕೂ ಹಳೆಯ ಡಬಲ್ ಚೋಲಿಗೆ ಇನ್ನೂ ಮೇಲೆ. ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಅಂತ ಕೆಳಗಿನ ದರ್ಜೆಗಳು. ಅಂದರೆ ಅಡಿಕೆಯನ್ನು ಒಂದಿಡೀ ಮಳೆಗಾಲ ಕೆಡದಂತೆ ಇಟ್ಟುಕೊಳ್ಳುವುದೇ ದುಡ್ಡು. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಲ್ಲಿ, ನೀರಿನಿಂದ ಕೂಗಳತೆ ದೂರದಲ್ಲಿ! ಹಳೆ ಗೋದಾಮುಗಳು ಅದಕ್ಕೆಂದೇ ಕಟ್ಟಿದವು: ಎತ್ತರದ ಪಂಚಾಂಗ (ಕಟ್ಟಡ ಕೂರುವ ತಳಗಟ್ಟೆ), ಒಂದೂವರೆ ಎರಡಡಿ ದಪ್ಪದ ಕೆಂಪುಕಲ್ಲಿನ ಗೋಡೆ, ಹಂಚಿನ ಸಂದುಗಳಲ್ಲಿ ಉಸಿರಾಡುವ ಮಾಡು, ನೆಲದಿಂದ ಅರ್ಧ ಅಡಿ ಮೇಲೆ ಹಲಗೆ ಹಾಸಿ ಅದರ ಮೇಲೆ ಗೋಣಿ, ಗೋಡೆಗೂ ಗೋಣಿಗೂ ನಡುವೆ ಆಳು ನುಸುಳುವಷ್ಟು ಜಾಗ. ಆರಿಸುವ ಜಾಗದ ಮೇಲೆ ಎರಡು ಮೂರು ಗಾಜಿನ ಹಂಚು, ಏಕೆಂದರೆ ಅಡಿಕೆಯ ಬಣ್ಣ ಟ್ಯೂಬ್‌ಲೈಟಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಕಾಂಕ್ರೀಟು ತಾರಸಿಯ ಗೋದಾಮಿನಲ್ಲಿ ಹಗಲು ಕಾದು ರಾತ್ರಿ ತಣಿದಾಗ ಚಾವಣಿ ಬೆವರುತ್ತದೆ, ಆ ತೇವ ಮೇಲಿನ ಗೋಣಿಗೆ ಇಳಿದರೆ ಬೂಸ್ಟು. ಹಳತು ಆಗಬೇಕಿದ್ದ ಅಡಿಕೆಯ ದರ್ಜೆ ಕುಸಿಯಿತು ಅಂತಲೇ ಲೆಕ್ಕ.

ಈ ಮಾಡುಗಳು ಬೀಳುತ್ತಿರುವುದು ಹಳತಾದ್ದರಿಂದ ಅಲ್ಲ, ತಪ್ಪು ರಿಪೇರಿಯಿಂದ. ಮಂಗಳೂರು ಹಂಚನ್ನು ಊರಿಗೆ ಕೊಟ್ಟದ್ದು 1860ರ ದಶಕದ ಬಾಸೆಲ್ ಮಿಷನ್ ಕಾರ್ಖಾನೆ, ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿಯ ಮುಂದಾಳತ್ವದಲ್ಲಿ, ನೇತ್ರಾವತಿ ದಂಡೆಯ ಜೇಡಿಯನ್ನು ನಂಬಿ. ಹಂಚಿನ ಗುಟ್ಟೆಲ್ಲ ಅದರ ಅಂಚಿನ ತೋಡಿನಲ್ಲಿದೆ. ಪಕ್ಕದ ಹಂಚಿನ ಏಣು ಈ ತೋಡಿನಲ್ಲಿ ಕೂತು, ಮೇಲಿನ ಸಾಲು ಕೆಳಗಿನ ಸಾಲನ್ನು ಕಚ್ಚಿಕೊಂಡರೆ ಗಾರೆ, ಮೊಳೆ ಏನೂ ಬೇಡ. ಸುಮಾರು 41 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರ್ ಚಿಲ್ಲರೆ ಅಗಲ, ಎರಡರಿಂದ ಮೂರು ಕಿಲೋ ತೂಕ. ನೂರು ಚದರಡಿಗೆ ಸುಮಾರು 150 ಹಂಚು. 20 ಅಡಿ ಅಗಲ, 60 ಅಡಿ ಉದ್ದದ ಗೋದಾಮು ಅಂದುಕೊಳ್ಳಿ. ಮಾಡಿನ ಇಳಿಜಾರು 30 ಡಿಗ್ರಿ ಇದ್ದರೆ ಹೊದಿಸಬೇಕಾದದ್ದು 1,200 ಅಲ್ಲ, 1,400 ಚದರಡಿಯ ಹತ್ತಿರ. ಹಂಚು 2,100, ಒಡೆಯುವುದಕ್ಕೆಂದು ಇನ್ನೊಂದು ನೂರು. ಒಣ ತೂಕವೇ ಐದು ಟನ್ ದಾಟಿತು.

ಇಲ್ಲೊಂದು ಸೂಕ್ಷ್ಮ. ಒಳ್ಳೆ ಹಂಚು ತನ್ನ ತೂಕದ 18ರಿಂದ 20 ಶೇಕಡಕ್ಕಿಂತ ಹೆಚ್ಚು ನೀರು ಹೀರಬಾರದು. ಪರೀಕ್ಷೆ ಮನೆಯಲ್ಲೇ ಮಾಡಬಹುದು: ಚೆನ್ನಾಗಿ ಒಣಗಿದ ಹಂಚನ್ನು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ಎರಡೂವರೆ ಕಿಲೋ ಇದ್ದದ್ದು ಮೂರು ಕಿಲೋ ದಾಟಿದರೆ ಆ ಹಂಚು ಬೇಡ. ಯಾಕೆಂದರೆ ಕಳಪೆ ಹಂಚಿನ ಮಾಡು ಜೋರು ಮಳೆಯ ಆಟಿ ತಿಂಗಳಲ್ಲಿ ಒಂದು ಟನ್ನಿಗೂ ಮಿಕ್ಕಿ ನೀರನ್ನೇ ಹೊತ್ತು ನಿಂತಿರುತ್ತದೆ. ಪಕ್ಕಾಸು (ಮಾಡಿನ ಇಳಿಜಾರು ತೊಲೆ) ಬಗ್ಗುವುದು, ರೀಪು (ಹಂಚು ಕೂರುವ ಅಡ್ಡಪಟ್ಟಿ) ಕುಸಿಯುವುದು ಆಗಲೇ. ರೀಪು ಬೆರಳಗಲ ತಗ್ಗಿದರೂ ತೋಡು ಬಾಯಿ ಬಿಡುತ್ತದೆ, ನೀರು ಒಳಗೆ.

ಇನ್ನೊಂದು, ಹೊಸ ಮೇಸ್ತ್ರಿಗಳು ಸಾಮಾನ್ಯವಾಗಿ ಮಾಡುವ ಎಡವಟ್ಟು: ಒಡೆದ ಹಂಚಿನ ಜಾಗಕ್ಕೆ ಕೈಗೆ ಸಿಕ್ಕಿದ ಹಂಚು ತುರುಕುವುದು. ಪ್ರತಿ ಕಾರ್ಖಾನೆಯ ಅಚ್ಚೂ ಕೆಲವು ಮಿಲಿಮೀಟರ್ ಬೇರೆ. ಒಂದರ ಏಣು ಇನ್ನೊಂದರ ತೋಡಿಗೆ ಕೂರುವುದಿಲ್ಲ, ಸೋರಿಕೆ ಸರಿಯಾಗಿ ಆ ಸೇರುವೆಯಲ್ಲೇ ಸಾಲುಗಟ್ಟುತ್ತದೆ. ಹಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದು ಈ ಕೆಲಸಕ್ಕೂ ಉಪಯೋಗ. ಒಂದು ಹಂಚು ಇಳಿಸಿ ಹೆಸರು ಓದಿ, ಕೆಡವಿದ ಹಳೆ ಮನೆಯಿಂದ ಅದೇ ಹೆಸರಿನದ್ದನ್ನು ಹುಡುಕಿ ತರಬೇಕು. ಬೆರಳ ಗಂಟಿನಿಂದ ತಟ್ಟಿದರೆ ಕಂಚಿನ ನಾದ ಬರಬೇಕು, ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ. ಹೊಂದದ ಎರಡು ಬಗೆ ಹಾಕಲೇಬೇಕಾದರೆ ಮಾಡಿನ ಒಂದು ಮಗ್ಗುಲಿಗೆ ಒಂದು ಬಗೆ, ಇನ್ನೊಂದು ಮಗ್ಗುಲಿಗೆ ಮತ್ತೊಂದು. ಒಂದೇ ಮಗ್ಗುಲಲ್ಲಿ ಬೆರೆಸಬೇಡಿ.

ಪಾಚಿ, ಕಸ ತೋಡಿನಲ್ಲಿ ತುಂಬಿದರೂ ನೀರು ಅಡ್ಡ ಹರಿದು ಸೋರುತ್ತದೆ. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ಪದ್ಧತಿ ಇದಕ್ಕೇ: ಇಳಿಸಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ರೀಪು ನೋಡಿ ಮತ್ತೆ ಜೋಡಿಸುವುದು. ತಂತಿಯ ಬ್ರಶ್ಶು ಹಾಕಿದರೆ ಹಂಚಿನ ಸುಟ್ಟ ಮೈ ಕಿತ್ತು ನೀರು ಹೀರುವುದು ಹೆಚ್ಚಾಗುತ್ತದೆ. ಎಣ್ಣೆ ಬಣ್ಣ ಹೊಡೆಯುವುದು ಇನ್ನೂ ಕೆಡುಕು. ಒಳಗೆ ಹೊಕ್ಕ ತೇವ ಹೊರಬರಲಾಗದೆ ಪದರ ಪದರ ಏಳುತ್ತದೆ. ಈಗ ಮಾಡಿನ ಮೇಲೊಂದು ಶೀಟು ಹೊದಿಸುವ ಚಾಳಿ ಬಂದಿದೆ. ಹಂಚು ಕೈಯಾಡಿಸುವ ಆಳು ಸಿಗದ ಮೇಲೆ ಮಂಡಿಯವರು ಇನ್ನೇನು ಮಾಡಿಯಾರು, ಅವರನ್ನು ಬೈಯುವಂತಿಲ್ಲ. ಆದರೆ ಶೀಟಿಗೂ ಹಂಚಿಗೂ ನಡುವೆ ಗಾಳಿಗೆ ಒಂದಡಿಯಾದರೂ ಜಾಗ, ಎರಡೂ ತುದಿ ತೆರೆದು, ಬಿಡದಿದ್ದರೆ ಕೆಳಗಿನ ಮರಕ್ಕೆ ಗೆದ್ದಲು ಖಂಡಿತ.

ಗೋಡೆಗೆ ಬರೋಣ. ಕೆಂಪುಕಲ್ಲು ತೂತುತೂತಾದ ಕಲ್ಲು, ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಬಂದರಿನಲ್ಲಿ ಆ ತೇವದ ಜೊತೆ ಉಪ್ಪೂ ಏರುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಉಪ್ಪು ಗಾರೆಯ ಮೈಮೇಲೆ ಬೆಳ್ಳಗೆ ಕೂರುತ್ತದೆ, ಗುಡಿಸಿದರಾಯಿತು. ಸಿಮೆಂಟು ಗಿಲಾಯಿ ಬಿಡುವುದಿಲ್ಲ. ತೇವ ಇನ್ನೂ ಎತ್ತರಕ್ಕೆ ಏರಿ, ಉಪ್ಪು ಗಿಲಾಯಿಯ ಹಿಂದೆ ಹರಳುಗಟ್ಟಿ ಕಲ್ಲನ್ನು ಪುಡಿ ಮಾಡುತ್ತದೆ. ಐದಾರು ಮಳೆಗಾಲ ಕಳೆದ ಮೇಲೆ ತಟ್ಟಿದರೆ ಟೊಳ್ಳು ಸದ್ದು, ಆಮೇಲೆ ಹಾಳೆ ಹಾಳೆಯಾಗಿ ಬೀಳುವುದು, ಜೊತೆಗೆ ಕಲ್ಲಿನ ಮೈಯೂ. ಆಗ "ಗೋಡೆಗೆ ವಯಸ್ಸಾಯಿತು, ಕೆಡವಿ" ಎನ್ನುತ್ತಾರೆ. ವಯಸ್ಸಾದದ್ದಲ್ಲ, ಉಸಿರು ಕಟ್ಟಿದ್ದು.

ಸುಣ್ಣದ ಗಾರೆಗೆ ಆತುರ ಆಗದು, ಅಷ್ಟೆ. ಚಿಪ್ಪು ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ಸೋಸಿ, ಕನಿಷ್ಠ ಎರಡು ವಾರ ನೀರಿನಡಿಯಲ್ಲೇ ಇಡಬೇಕು, ತಿಂಗಳು ಇಟ್ಟರೆ ಇನ್ನೂ ಮೇಲು. ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಹೊಳೆಮರಳು. ಕಡಲ ಮರಳು ಸಲ್ಲ, ಉಪ್ಪು ಬಿಡಿಸಲು ಹೋಗಿ ಉಪ್ಪನ್ನೇ ಹಚ್ಚಿದ ಹಾಗಾಗುತ್ತದೆ. ಒಂದು ವರಸೆಗೆ ಸುಮಾರು ಹತ್ತು ಮಿಲಿಮೀಟರ್. ಮೊದಲ ವರಸೆ ಬೆರಳಿಗೆ ಒತ್ತಿದರೆ ತಗ್ಗದಷ್ಟು ಬಿಗಿದ ಮೇಲೆ ಎರಡನೆಯದು. ಒಂದು ವಾರವಾದರೂ ಒದ್ದೆ ಗೋಣಿ ಇಳಿಬಿಟ್ಟು ತೇವ ಕಾಯಬೇಕು. ಮಳೆಗಾಲದಲ್ಲಿ ಈ ಕೆಲಸ ಹಿಡಿದರೆ ಗೋಡೆ ಒಣಗದೆ ಸುಣ್ಣ ಗಟ್ಟಿಯಾಗುವುದೇ ಇಲ್ಲ. ಏಪ್ರಿಲ್, ಮೇಯಲ್ಲಿ ಹಿಡಿದರೆ ಬೇಗ ಒಣಗಿ ಸೀಳುತ್ತದೆ. ನವೆಂಬರ್‌ನಿಂದ ಫೆಬ್ರವರಿ ತಕ್ಕ ಕಾಲ. ಮೇಲೆ ಸುಣ್ಣವನ್ನೇ ಬಳಿಯಬೇಕು. ಪ್ಲಾಸ್ಟಿಕ್ ಪೇಂಟು ಹೊಡೆದರೆ ಇಷ್ಟೂ ಶ್ರಮ ನೀರಲ್ಲಿ ಹೋಮ.

ಕೊಚ್ಚಿಯಿಂದ ಕಲಿಯಬೇಕಾದದ್ದು ಇಂಥ ಕಡೆ. ಕೇರಳದಲ್ಲಿ ಪಾರಂಪರಿಕ ವಲಯದೊಳಗೆ ಕಟ್ಟುವವರು ಕಲೆ ಮತ್ತು ಪರಂಪರೆ ಆಯೋಗದ ಒಪ್ಪಿಗೆ ಪಡೆಯಬೇಕು. ಫೋರ್ಟ್ ಕೊಚ್ಚಿಯ ಜನಕ್ಕೆ ಆ ನಿಯಮದ ಮೇಲೆ ಸಿಟ್ಟಿದೆ, ಒಂದು ಬಚ್ಚಲು ಕಟ್ಟಲೂ ಅಲೆದಾಟ ಎಂಬ ದೂರು ಸುಳ್ಳಲ್ಲ. ಆದರೂ ಬೀದಿಯ ಮಾಡಿನ ಸಾಲು ಉಳಿದದ್ದು ಅದರಿಂದಲೇ. ಇನ್ನೊಂದು ಲಾಭ ಯಾರೂ ಎಣಿಸದ್ದು: ರಿಪೇರಿ ಕೆಲಸ ಒಂದರ ಹಿಂದೊಂದು ಸಿಗುತ್ತ ಹೋದರೆ ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳೂ ಮರದ ಜೋಡಣೆ ಬಲ್ಲ ಆಚಾರಿಗಳೂ ಊರಲ್ಲೇ ಉಳಿಯುತ್ತಾರೆ. ಬಂದರಿನಲ್ಲಿ ಒಬ್ಬ ಮಂಡಿಯವರು ಸರಿಯಾಗಿ ರಿಪೇರಿ ಮಾಡಿಸೋಣ ಅಂದರೂ ಆಳು ಹುಡುಕಿಕೊಂಡು ಕಾಸರಗೋಡು ದಾಟಬೇಕಾದೀತು. ಹಲವರ ಪಾಲಿನಲ್ಲಿರುವ ಜಾಗ, ಹಳೆ ಕಾಲದ ಬಾಡಿಗೆ ಬೇರೆ. ಯಜಮಾನನಿಗೆ ಖರ್ಚು ಮಾಡಲು ಮನಸ್ಸಿಲ್ಲ, ಬಾಡಿಗೆಯವನಿಗೆ ಹಕ್ಕಿಲ್ಲ. ಮಹಾನಗರ ಪಾಲಿಕೆ ಹಂಚಿನ ಮಾಡು ಉಳಿಸಿಕೊಂಡ ವಾಣಿಜ್ಯ ಕಟ್ಟಡಕ್ಕೆ ಆಸ್ತಿ ತೆರಿಗೆಯಲ್ಲಿ ಒಂದು ಪಾಲು ಬಿಟ್ಟುಕೊಟ್ಟರೆ ಇಬ್ಬರಲ್ಲಿ ಒಬ್ಬನಾದರೂ ಏಣಿ ಹತ್ತಿಸಿಯಾನು.

ರಸ್ತೆಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದು ಬುದ್ಧಿವಂತಿಕೆ ಬೇಡುವ ವಿಷಯವೇ ಅಲ್ಲ. ಹಳೆ ರಸ್ತೆಯನ್ನು ಕೆತ್ತಿ ತೆಗೆಯದೆ ಅದರ ಮೇಲೇ ಎಂಟು ಇಂಚು ಕಾಂಕ್ರೀಟು ಸುರಿದರೆ ಗೋದಾಮಿನ ಹೊಸ್ತಿಲು ಪ್ರತಿ ಸಲವೂ ರಸ್ತೆಯ ಮಟ್ಟಕ್ಕೆ ಹತ್ತಿರವಾಗುತ್ತದೆ. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಪಂಚಾಂಗದಲ್ಲಿ ಈಗ ಒಂದೇ ಮೆಟ್ಟಿಲು ಕಾಣುತ್ತಿದ್ದರೆ ಉಳಿದೆರಡು ಎಲ್ಲಿ ಹೋದವು ಅಂತ ಕೇಳಬೇಕಾಗಿಲ್ಲ. ಉಬ್ಬರದ ಹೊತ್ತಿಗೆ ಜೋರು ಮಳೆ ಬಂದರೆ ಚರಂಡಿಯ ಬಾಯಿಗೆ ಹೊಳೆ ನೀರು ಎದುರು ನಿಲ್ಲುತ್ತದೆ, ಬೀದಿಯ ನೀರು ಒಳಗಿನ ಅಡಿಕೆಗೆ. ಬಂದರಿನ ಬೀದಿಗಳಲ್ಲಿ ಕೆತ್ತಿಯೇ ಹಾಕಬೇಕು ಎಂಬ ಒಂದು ಷರತ್ತು ಟೆಂಡರಿನಲ್ಲಿದ್ದರೆ ಸಾಕು.

ನೀರಿನ ಮೇಲಿನ ಓಡಾಟದಲ್ಲಿ ಮಾತ್ರ ಕೊಚ್ಚಿಯನ್ನು ಕಣ್ಣುಮುಚ್ಚಿ ನಕಲು ಮಾಡಬಹುದು. 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೊದ ಬೋಟುಗಳು ಬ್ಯಾಟರಿಯವು, ಕೊಚ್ಚಿ ಹಡಗು ಕಟ್ಟೆಯಲ್ಲೇ ಕಟ್ಟಿದವು, ಒಂದರಲ್ಲಿ ನೂರು ಜನ ಹಿಡಿಯುತ್ತದೆ. ಎಲ್ಲರೂ ಬೋಟನ್ನು ಹೊಗಳುತ್ತಾರೆ. ನಿಜವಾದ ಜಾಣತನ ಜೆಟ್ಟಿಯಲ್ಲಿದೆ. ಅದು ತೇಲುವ ಜೆಟ್ಟಿ, ಉಬ್ಬರ ಇಳಿತದ ಜೊತೆ ತಾನೂ ಏರಿಳಿಯುತ್ತದೆ. ಹಾಗಾಗಿ ಜೆಟ್ಟಿಗೂ ಬೋಟಿನ ನೆಲಕ್ಕೂ ಯಾವ ಹೊತ್ತಿನಲ್ಲೂ ಮಟ್ಟ ಒಂದೇ, ಗಾಲಿಕುರ್ಚಿ ನೇರ ಒಳಗೆ ಹೋಗುತ್ತದೆ. ಬಂದರಿನಿಂದ ಬೆಂಗ್ರೆಗೆ ಹೋಗುವ ಫೆರಿಗೆ ಇಳಿತದ ಹೊತ್ತಲ್ಲಿ ಪಾಚಿ ಹಿಡಿದ ಮೆಟ್ಟಿಲು ಇಳಿದು ಹತ್ತಬೇಕು. ಬೆಂಗ್ರೆ ಎಂದರೆ ಗುರುಪುರ ಹೊಳೆಗೂ ಕಡಲಿಗೂ ನಡುವಿನ ಮರಳಿನ ನಾಲಗೆ. ನೀರಿನಲ್ಲಿ ಕೆಲವೇ ನಿಮಿಷದ ದಾರಿ, ರಸ್ತೆಯಲ್ಲಾದರೆ ಕೂಳೂರು ಸೇತುವೆ ಸುತ್ತಿ ತಣ್ಣೀರುಬಾವಿ ಕಡೆಯಿಂದ ಬರಬೇಕು. ಆ ಫೆರಿ ಶಾಲೆಮಕ್ಕಳದ್ದು, ಮೀನು ಹೊರುವವರದ್ದು. ಬಜಾಲಿನಿಂದ ಮರವೂರಿನವರೆಗೆ ವಾಟರ್ ಮೆಟ್ರೊ ಮಾಡುವ ಪ್ರಸ್ತಾಪ ಜಲಸಾರಿಗೆ ಮಂಡಳಿಯಲ್ಲಿದೆ. ಅದು ಬರುವಾಗ ಬರಲಿ. ಅದಕ್ಕೆ ಮೊದಲು ಬಂದರು–ಬೆಂಗ್ರೆಯ ಈ ಒಂದು ಕಡವಿಗೆ (ಹೊಳೆ ದಾಟುವ ಜಾಗಕ್ಕೆ), ಎರಡೂ ದಡದಲ್ಲಿ, ತೇಲುವ ಜೆಟ್ಟಿ ಹಾಕಬಹುದು. ಎರಡೂ ತುದಿಯ ಆಳವನ್ನು ಮಳೆಗಾಲ ಕಳೆದ ಮೇಲೆ ಅಳೆದು ಹೂಳು ತೆಗೆಯುವ ವ್ಯವಸ್ಥೆಯೂ ಜೊತೆಗಿರಬೇಕು. ಇಲ್ಲದಿದ್ದರೆ ಇಳಿತದಲ್ಲಿ ಜೆಟ್ಟಿ ಕೆಸರಿನ ಮೇಲೆ ಓರೆಯಾಗಿ ಕೂತು ಕೀಲು ಮುರಿಯುತ್ತದೆ. ನೇತ್ರಾವತಿಯೂ ಗುರುಪುರವೂ ತರುವ ಹೂಳು ಕಡಿಮೆಯದ್ದಲ್ಲ.

ಬಂದರನ್ನು ನೋಡಬೇಕೆನ್ನುವವರು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ನಡೆಯಲಿ, ಕಾರು ತರುವುದು ಬೇಡ, ಲಾರಿಗಳಿಗೇ ಜಾಗ ಇಲ್ಲ. ಬೆಳಿಗ್ಗೆ ಐದೂವರೆಗೆ ದಕ್ಕೆ ಮುಟ್ಟಿದರೆ ಏಲಂ ಸಿಗುತ್ತದೆ. ಅಡಿಯಲ್ಲಿ ಗೀರು ಇರುವ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಐಸಿನ ನೀರೂ ಮೀನಿನ ಲೋಳೆಯೂ ಸೇರಿ ನೆಲ ಜಾರುತ್ತದೆ. ಬುಟ್ಟಿ ಹೊತ್ತು ಬರುವವರು ನಿಲ್ಲಲಾರರು, ದಾರಿ ನೀವೇ ಬಿಡಬೇಕು. ಹೆಂಗಸರ ಫೋಟೊ ಕೇಳಿಯೇ ತೆಗೆಯಿರಿ. ಎಂಟರ ಹೊತ್ತಿಗೆ ಬೆಂಗ್ರೆಗೆ ಹೋಗಿ ಬಂದು, ಹತ್ತರ ನಂತರ ಮಂಡಿಗಳ ಬೀದಿ ಹಿಡಿಯಿರಿ. ಬಂದರಿನ ಝೀನತ್ ಬಕ್ಷ್ ಜುಮ್ಮಾ ಮಸೀದಿ, ಈ ಕರಾವಳಿಗೆ ಇಸ್ಲಾಂ ತಂದವರೆನ್ನುವ ಮಾಲಿಕ್ ದಿನಾರರ ಕಾಲದ್ದೆಂಬ ಐತಿಹ್ಯ ಇದೆ, ಒಳಗಿನ ಮರದ ಕಂಬಗಳ ಕೆತ್ತನೆ ನಿಧಾನವಾಗಿ ನೋಡತಕ್ಕದ್ದು. ಅನುಮತಿ ಕೇಳಿ, ನಮಾಜಿನ ಹೊತ್ತು ಬಿಟ್ಟು ಹೋಗಿ. ಅಲ್ಲಿಂದ ಹೊರಟು ರಥಬೀದಿಗೆ ನಡೆದೇ ಸೇರಬಹುದು. ಮಂಜಿ ತುಂಬುವುದು ಕಾಣಬೇಕಿದ್ದರೆ ಸೆಪ್ಟೆಂಬರ್ ಕೊನೆಯಿಂದ ಮೇ ಮೊದಲ ವಾರದೊಳಗೆ. ಭಾನುವಾರ ಮಾತ್ರ ಹೋಗಬೇಡಿ, ಮಂಡಿಗಳು ಬಾಗಿಲು ಹಾಕಿರುತ್ತವೆ.